ಅವ್ವಗ ಶುಗರ್ ಅದ, ನನಗೂ ಬರ್ತದೇನು?

ಅವ್ವಗ ಶುಗರ್ ಬಂದು ಭಾಳ ವರ್ಷ ಆಯ್ತು, ನಾನು ತೆಳ್ಳಗದೀನಿ ನನಗೇನಾಗ್ತದ ಅಂತ ಕಲಬುರಗಿ ಸೂಪರ್ ಮಾರ್ಕೆಟ್‌ನಾಗಿನ ಅಂಗಡ್ಯಾಗ ಮುಂಜಾನಿಂದ ರಾತ್ರಿತನ ಕುಂತೇ ಇರ್ತಿದ್ದೆ. ಹೋದ ತಿಂಗಳ ಗೆಳೆಯ ಟೇಪ್ ಹಿಡ್ದು ಸೊಂಟ ಅಳತಿ ಮಾಡ್ದ, 96 ಸೆಂಟಿಮೀಟರ್! ಕೈಕಾಲು ಸಣ್ಣ, ಹೊಟ್ಟಿ ಅಷ್ಟೇ ಮುಂದ, ನಮ್ಮ ಮಂದ್ಯಾಗ ಇದು ಭಾಳ, ಆ ಹೊಟ್ಟಿಯೊಳಗಿನ ಕೊಬ್ಬೇ ಇನ್ಸುಲಿನ್ ಕೆಲಸಕ್ಕ ಅಡ್ಡ ಬರ್ತದ.

ಶುಗರ್ ಬರೋ ಸಾಧ್ಯತಿ ಎಷ್ಟದ ಅಂತ ತೋರ್ಸೋಕ ಚೆನ್ನೈದವರು ಮಾಡಿದ ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್ ಅಂತ ಅದ, ರಕ್ತ ತಗಿಯೋದು ಬ್ಯಾಡ, ನಾಕೇ ಪ್ರಶ್ನಿ. ನನ್ನ ವಯಸ್ಸು 42, ಅದಕ್ಕ 20 ಅಂಕ, ಸೊಂಟ 90 ದಾಟಿದ್ದಕ್ಕ 10 (ಹೆಣ್ಮಕ್ಕಳಿಗೆ 80ರಿಂದಲೇ ಶುರು), ಅವ್ವಗ ಅದ ಅಂತ 10, ವ್ಯಾಯಾಮ ಇಲ್ಲ, ಕುಂತು ಮಾಡೋ ಕೆಲಸ, ಅದಕ್ಕ 30. ಒಟ್ಟು 70. 60 ಮುಟ್ಟಿದ್ರೇ ಹೈ ರಿಸ್ಕ್. ಎದಿ ಧಸಕ್ಕಂತು.

ಸ್ಕೋರ್ ಜಾಸ್ತಿ ಅಂದ್ರ ರೋಗ ಬಂದದ ಅಂತಲ್ಲ, ಟೆಸ್ಟ್ ಮಾಡಿಸ್ಕೋ ಅಂತ. ಖಾಲಿ ಹೊಟ್ಟಿಲೆ ಮಾಡ್ಸಿದೆ, 112 ಬಂತು. 100ರಿಂದ 125ರತನ ಪ್ರೀಡಯಾಬಿಟಿಸ್, ಅಂದ್ರ ಶುಗರ್ ಬರೋದಕ್ಕ ಮುಂಚಿನ ಹಂತ, 126 ಮುಟ್ಟಿದ್ರ ಇನ್ನೊಮ್ಮಿ ನೋಡಿ ಶುಗರ್ ಅಂತ ಖಾತ್ರಿ ಮಾಡ್ತಾರ.

ವಯಸ್ಸು ಬದಲಿ ಆಗಲ್ಲ, ಅವ್ವ ಕೊಟ್ಟ ರಕ್ತನೂ ಆಗಲ್ಲ, ಆದ್ರ ಆ 30 ನನ್ನ ಕೈಯಾಗ ಅದ. ಈಗ ದಿನಾ ಮುಂಜಾನಿ ಅಪ್ಪನ ಕೆರಿ ಸುತ್ತ ಜೋರಾಗಿ ನಡೀಲಿಕತ್ತೀನಿ. ತಮ್ಮಗೂ ಟೇಪ್ ಹಿಡೀಬೇಕು, ಅವ ಇನ್ನೂ ಒಪ್ಪವಲ್ಲ.