ಹತ್ತನೇ ದಿನವೂ ಉಳಿದುಬಿಟ್ಟ ಟಿ ಕೋಶಗಳು

ಟಿ ಕೋಶಗಳಿಗೆ ಪ್ರತಿಜನಕ ತೋರಿಸುವ ಡೆಂಡ್ರಿಟಿಕ್ ಕೋಶದ ಮೈಮೇಲೆ ಡೆಕ್-205 ಎಂಬ ಗ್ರಾಹಕವಿದೆ. ಅದಕ್ಕೆ ಅಂಟುವ ಆಂಟಿಬಾಡಿಯ ಹೆವಿ ಚೈನ್ ತುದಿಗೆ ಓವಾ (ಮೊಟ್ಟೆಯ ಬಿಳಿಯ ಪ್ರೋಟೀನ್) ಜೋಡಿಸಿ ಇಲಿಗೆ ಕೊಟ್ಟರೆ ಅದು ನೆಟ್ಟಗೆ ಡೆಂಡ್ರಿಟಿಕ್ ಕೋಶಕ್ಕೆ ಹೋಗುತ್ತದೆ. ಅಡ್ಜುವೆಂಟ್, ಅಂದರೆ ಪ್ರತಿರಕ್ಷೆಯನ್ನು ಕೆರಳಿಸುವ ವಸ್ತು, ಇಲ್ಲದಿದ್ದರೆ ಟಿ ಕೋಶಗಳು ಮೊದಲು ಹೆಚ್ಚಿ, ವಾರದೊಳಗೆ ಕರಗುತ್ತವೆ. ಡೆಂಡ್ರಿಟಿಕ್ ಕೋಶವನ್ನು ಎಚ್ಚರಿಸುವ ಆಂಟಿ-ಸಿಡಿ40 ಆಂಟಿಬಾಡಿ ಸೇರಿಸಿದರೆ ಉಳಿಯುತ್ತವೆ. ಸ್ಟೈನ್‌ಮನ್, ನುಸೆನ್ಜ್‌ವೈಗ್ ತಂಡ 2001ರಲ್ಲೇ ಲೈಸೋಜೈಮ್ ಪೆಪ್ಟೈಡ್ ಕಟ್ಟಿ ಇದನ್ನು ತೋರಿಸಿತ್ತು. ನಮಗೆ ಬೇಕಿದ್ದುದು ಆ ಕರಗುವಿಕೆಯೇ.

ಇಲಿಗೆ 10 ಮೈಕ್ರೋಗ್ರಾಂ. ಮೂರನೇ ದಿನ ಸಿಎಫ್‌ಎಸ್‌ಇ (ಕೋಶ ವಿಭಜಿಸಿದಂತೆಲ್ಲ ಅರ್ಧವಾಗುವ ಬಣ್ಣ) ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು; ಖುಷಿಪಟ್ಟೆವು. ಹತ್ತನೇ ದಿನ ಖಾಲಿಯಾಗಬೇಕಿದ್ದ ಒಟಿ-1 ಗೇಟ್, ಅಂದರೆ ಫ್ಲೋ ಸೈಟೋಮೀಟರ್ ಚಿತ್ರದಲ್ಲಿ ಓವಾ ಗುರುತಿಸುವ ಟಿ ಕೋಶಗಳಿಗೆ ಗೆರೆ ಹಾಕಿದ ಜಾಗ, ತುಂಬಿ ನಿಂತಿತ್ತು. ಗೇಟ್ ಸರಿಸಿದೆವು, ಬಣ್ಣಗಳ ಬೆರಕೆ ಕಳೆಯುವ ಕಾಂಪೆನ್ಸೇಷನ್ ಮತ್ತೆ ಮಾಡಿದೆವು, ಉಳಿದ ಗುಲ್ಮಕ್ಕೆ ಹೊಸದಾಗಿ ಸ್ಟೇನ್ ಹಾಕಿದೆವು. ಚುಕ್ಕೆಗಳು ಅಲ್ಲೇ ಇದ್ದವು.

ತಪ್ಪು ನನ್ನದು. ಎಚ್‌ಇಕೆ ಎಂಬ ಮಾನವ ಕೋಶದಲ್ಲಿ ಮಾಡಿದ ಪ್ರೋಟೀನ್, ಬ್ಯಾಕ್ಟೀರಿಯಾ ಮುಟ್ಟಿಯೇ ಇಲ್ಲ, ಎಂಡೋಟಾಕ್ಸಿನ್ ಎಲ್ಲಿಂದ ಬರಬೇಕು ಎಂದುಕೊಂಡಿದ್ದೆ. ಎಂಡೋಟಾಕ್ಸಿನ್ ಎಂದರೆ ಬ್ಯಾಕ್ಟೀರಿಯಾ ಗೋಡೆಯ ಎಲ್‌ಪಿಎಸ್; ಅದೇ ಅಡ್ಜುವೆಂಟ್‌ನಂತೆ ಕೆಲಸ ಮಾಡುತ್ತದೆ. ಅದನ್ನು ಅಳೆಯುವ ಎಲ್‌ಎಎಲ್ ಪರೀಕ್ಷೆಯಲ್ಲಿ ಬಂದ ಕಡಿಮೆ ಅಂಕಿ ಬರೆದುಕೊಂಡೆ, ಪಕ್ಕದ ಸ್ಪೈಕ್ ರಿಕವರಿ (ಬೇಕೆಂದೇ ಬೆರೆಸಿದ ಎಂಡೋಟಾಕ್ಸಿನ್‌ನಲ್ಲಿ ಎಷ್ಟು ಪತ್ತೆಯಾಯಿತು ಎಂಬುದು) ನೋಡಲಿಲ್ಲ. ಅದು 50ರಿಂದ 200 ಶೇಕಡದೊಳಗೆ ಇಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ: ಪ್ರೋಟೀನೇ ಪರೀಕ್ಷೆಯನ್ನು ತಡೆದಿರಬಹುದು. 1:50 ಡೈಲ್ಯೂಟ್ ಮಾಡಿದಾಗ ನಿಜವಾದ ಮಟ್ಟ ಹೊರಬಿತ್ತು.

ಬಫರ್‌ಗಳನ್ನು ಒಂದೊಂದಾಗಿ ನೋಡಿದೆವು. ಆಂಟಿಬಾಡಿ ಹಿಡಿಯುವ ಪ್ರೋಟೀನ್ ಜಿ ಕಾಲಮ್‌ನಿಂದ ಪಿಎಚ್ 2.7 ಗ್ಲೈಸೀನ್‌ನಲ್ಲಿ ಇಳಿಸಿದ ಪ್ರತಿ ಮಿಲಿಲೀಟರಿಗೂ 100 ಮೈಕ್ರೋಲೀಟರ್ 1 ಮೋಲಾರ್ ಟ್ರಿಸ್ ಹಾಕುತ್ತೇವಲ್ಲ, ಎಂಡೋಟಾಕ್ಸಿನ್ ಬಂದಿದ್ದು ಅದರಿಂದಲೇ. ಇಡೀ ಲ್ಯಾಬ್ ಬಳಸುವ ಬಾಟಲ್. ಆಟೋಕ್ಲೇವ್ ಆಗಿತ್ತು, ಆದರೆ ಆಟೋಕ್ಲೇವ್ ಬ್ಯಾಕ್ಟೀರಿಯಾ ಕೊಲ್ಲುತ್ತದೆಯೇ ಹೊರತು ಎಲ್‌ಪಿಎಸ್ ಹಾಳುಮಾಡುವುದಿಲ್ಲ. ಗಾಜಿನ ಪಾತ್ರೆಗೆ 250 ಡಿಗ್ರಿ ಒಣ ಶಾಖ, 30 ನಿಮಿಷ ಬೇಕು. ಎಂಡೋಟಾಕ್ಸಿನ್ ಇಲ್ಲದ ನೀರಿಗೆ ಕೊಟ್ಟ ಬೇಡಿಕೆ ದುಬಾರಿ ಎಂದು ಖರೀದಿ ವಿಭಾಗದಿಂದ ವಾಪಸ್ ಬಂದಿತ್ತು. ಹದಿನೈದು ಇಲಿಗಳನ್ನು ಸುಮ್ಮನೆ ಕೊಂದ ಹಾಗಾಯಿತು. ಅದು ಈಗಲೂ ಚುಚ್ಚುತ್ತದೆ.

ಎರಡನೇ ಬ್ಯಾಚ್‌ಗೆ ಆ ಬಾಟಲ್ ಬಿಟ್ಟೆವು; ಜೊತೆಗೆ ಎಲ್ಯೂಷನ್‌ಗೆ (ಪ್ರೋಟೀನ್ ಇಳಿಸುವುದಕ್ಕೆ) ಮೊದಲು 4 ಡಿಗ್ರಿಯಲ್ಲಿ 0.1 ಶೇಕಡ ಟ್ರೈಟಾನ್ ಎಕ್ಸ್-114ರಿಂದ ಕಾಲಮ್ ತೊಳೆದೆವು, 20 ಕಾಲಮ್ ವಾಲ್ಯೂಮ್. ಆಮೇಲೆ ಡಿಟರ್ಜೆಂಟ್ ಪೂರ್ತಿ ಹೋಗುವವರೆಗೆ ಪಿಬಿಎಸ್ ಬಫರ್. ಇಲ್ಲಿ ಅವಸರ ಮಾಡಿದರೆ ಕೋಶಗಳು ಸಾಯುತ್ತವೆ. ಮಿಲಿಗ್ರಾಂಗೆ 1 ಇಯು (ಎಂಡೋಟಾಕ್ಸಿನ್ ಘಟಕ) ದಾಟಿದ್ದನ್ನು ಇಲಿಗೆ ಕೊಡುವುದಿಲ್ಲ. ಗಾತ್ರದ ಪ್ರಕಾರ ಬೇರ್ಪಡಿಸುವ ಎಸ್‌ಇಸಿ ಕಾಲಮ್‌ನಲ್ಲಿ ಮುಂಚೆ ಬರುವ ಅಗ್ರಿಗೇಟ್ (ಒಂದಕ್ಕೊಂದು ಅಂಟಿಕೊಂಡ ಪ್ರೋಟೀನ್) ಪೀಕನ್ನೂ ಬಿಟ್ಟೇ ಸಂಗ್ರಹಿಸುತ್ತೇವೆ.

ಈ ಸಲ ಹತ್ತನೇ ದಿನ ಗೇಟ್ ಹೆಚ್ಚುಕಡಿಮೆ ಖಾಲಿ. ಪಕ್ಕದ ಆಂಟಿ-ಸಿಡಿ40 ಗುಂಪಿನಲ್ಲಿ ಮಾತ್ರ ತುಂಬಿತ್ತು.