ಎಷ್ಟು ದಿನ ಸಾರ್?

"ಸಾರ್, ಗಿಟಾರಿನ ಮರಕ್ಕೆ ಎಣ್ಣೆ ಹಚ್ಚಿದ್ದೀನಿ. ಒಣಗೋಕೆ ಎಷ್ಟು ದಿನ?"

ಗಿಟಾರಿಗೆ ಎಣ್ಣೆ ಹಚ್ಚಿಕೊಡುವ ನನ್ನನ್ನು ಹೀಗೆ ಕೇಳುವವರು ಯಾವ ಎಣ್ಣೆ ಅಂತ ಹೇಳುವುದಿಲ್ಲ. ಯಾವ ಮರ ಅಂತಲೂ ಹೇಳುವುದಿಲ್ಲ. ಒಬ್ಬ ಪುಣ್ಯಾತ್ಮ ತೆಂಗಿನೆಣ್ಣೆ ಹಚ್ಚಿ ಎರಡು ತಿಂಗಳಿಂದ ಕಾಯುತ್ತಿದ್ದ. ಈಗಲೂ ಕಾಯುತ್ತಿರಬಹುದು. ತೆಂಗಿನೆಣ್ಣೆ ಗಟ್ಟಿಯಾಗುವ ಜಾತಿಯದ್ದಲ್ಲ ಮಾರಾಯರೇ, ತಲೆಗೆ ಹಚ್ಚಿಕೊಳ್ಳಿ.

ನನ್ನ ಸಿಟ್ಟೆಲ್ಲ ಆ 'ಒಣಗೋದು' ಅನ್ನುವ ಮಾತಿನ ಮೇಲೆ. ಒಣಗುವುದು ಬಟ್ಟೆ, ಹಪ್ಪಳ, ಸಂಡಿಗೆ. ಅಲ್ಲಿ ನೀರು ಆರಿ ಹೋಗುತ್ತದೆ. ಮರಕ್ಕೆ ಹಚ್ಚುವ ಅಗಸೆ ಎಣ್ಣೆಯಿಂದ ಹಾಗೆ ಆರಿ ಹೋಗುವಂಥದ್ದೇನಿಲ್ಲ. ಅದು ಗಾಳಿಯಿಂದ ಆಮ್ಲಜನಕ ಎಳೆದುಕೊಂಡು, ಒಳಗೊಳಗೇ ಹೆಣೆದುಕೊಂಡು ಗಟ್ಟಿಯಾಗುತ್ತದೆ. ತೂಕ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಅಡುಗೆಮನೆಯಲ್ಲಿ ಸೂರ್ಯಕಾಂತಿ ಎಣ್ಣೆ ಡಬ್ಬಿಯ ಮುಚ್ಚಳದ ಸುತ್ತ ಎಷ್ಟು ತಿಕ್ಕಿದರೂ ಬಿಡದ ಹಳದಿ ಅಂಟು ಇರುತ್ತದಲ್ಲ, ಅದೂ ಇದೇ ಕೆಲಸ. ಹೋಲಿಸಲೇಬೇಕೆಂದರೆ ಹಾಲು ಹೆಪ್ಪಾಗುವುದಕ್ಕೆ ಹೋಲಿಸಿ. ಸೆಕೆಗೆ ಬೇಗ, ಚಳಿಗೆ ನಿಧಾನ. ಮೊಸರು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಆಗುತ್ತೆ ಅಂತ ನಿಮ್ಮಮ್ಮನನ್ನ ಕೇಳಿ ನೋಡಿ.

ಲೆಕ್ಕ ಬೇಕೇ ಬೇಕಾ? ತಗೊಳ್ಳಿ. ಅಂಗಡಿಯ 'ಬಾಯಿಲ್ಡ್' ಅಗಸೆ ಎಣ್ಣೆ (ಹೆಸರಷ್ಟೇ, ಸಾಮಾನ್ಯವಾಗಿ ಅದು ಬೇಗ ಗಟ್ಟಿಯಾಗಲು ಲೋಹದ ಲವಣ ಬೆರೆಸಿದ್ದು) ಆದರೆ ಒಂದು ಕೋಟ್ ಹಚ್ಚಿ ಇನ್ನೊಂದು ಹಚ್ಚುವ ನಡುವೆ ಒಂದು ದಿನ, ಕೊನೆಯ ಕೋಟ್ ಆದಮೇಲೆ ಎರಡು ಮೂರು ವಾರ. ಶುದ್ಧ ಟಂಗ್ ಎಣ್ಣೆಗೆ (ಟಂಗ್ ಎಂಬ ಮರದ ಬೀಜದ ಎಣ್ಣೆ) ಒಂದು ತಿಂಗಳು. ಬಂದೂಕಿನ ಮರದ ಹಿಡಿಗೆ ಅಂತಲೇ ಮಾಡಿದ ಟ್ರು-ಆಯಿಲ್ ಒಂದೆರಡು ವಾರದಲ್ಲಿ ಮುಗಿಸುತ್ತದೆ. ಬೀಟೆ ಮರಕ್ಕೆ ಇದ್ಯಾವುದನ್ನೂ ನಂಬಬೇಡಿ. ಅದರೊಳಗಿನ ಅಂಶಗಳೇ ಎಣ್ಣೆಯನ್ನು ಗಟ್ಟಿಯಾಗಲು ಬಿಡುವುದಿಲ್ಲ.

ಲೆಕ್ಕ ಹೇಳಲು ನಾನು ಹಿಂದೇಟು ಹಾಕುವುದು ಸೊಕ್ಕಿನಿಂದಲ್ಲ. ಒಮ್ಮೆ ಹೇಳಿ ಕೆಟ್ಟಿದ್ದೇನೆ. ಜುಲೈ ತಿಂಗಳು, ಬೆಂಗಳೂರಿನ ಜಿಟಿಜಿಟಿ ಮಳೆ. ಕಾಲೇಜು ಹುಡುಗನೊಬ್ಬನ ಗಿಟಾರಿಗೆ ಅಗಸೆ ಎಣ್ಣೆ ಹಚ್ಚಿಕೊಟ್ಟು, "ನಾಲ್ಕು ದಿನ ಬಿಡು, ಸಾಕು" ಅಂದೆ. ಐದನೇ ದಿನ ಅವನು ಅದನ್ನು ಕೇಸಿಗೆ ಹಾಕಿದ. ಸ್ಟೇಜ್ ಹಿಂದೆ ಕೇಸ್ ತೆಗೆದರೆ ಬಾಡಿಯ ಬೆನ್ನಿಗೆಲ್ಲ ಕೇಸಿನ ಒಳಗಿನ ಕೆಂಪು ವೆಲ್ವೆಟ್ ನವಿರು. ಮುಟ್ಟಿದರೆ ಬೆಕ್ಕು ಸವರಿದ ಹಾಗೆ. ಹುಡುಗ ಬೈಯಲಿಲ್ಲ. "ಅಂಕಲ್, ಇದು ಒಣಗುತ್ತಾ?" ಅಂದ. ನನಗಾಗ 31 ವರ್ಷ. ಅಂಕಲ್ ಅಂದಿದ್ದೇ ಜಾಸ್ತಿ ಚುಚ್ಚಿತು.

ತಪ್ಪೆಲ್ಲ ಮಳೆಯದ್ದು ಅಂತ ಬಹಳ ವರ್ಷ ಹೇಳಿಕೊಂಡು ಓಡಾಡಿದೆ. ಅಸಲಿಗೆ ನಾನು ಸರಿಯಾಗಿ ಒರೆಸಿರಲಿಲ್ಲ. ಹಚ್ಚಿ ಕಾಲು ಗಂಟೆಗೆ, ಮರ ಕುಡಿಯದೆ ಬಿಟ್ಟ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಬೇಕು. ದಪ್ಪ ಬಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ, ಅಡಿಯಲ್ಲಿ ಹಸಿ ಹಸಿ. ಈಗ ನಾನು ಕ್ಯಾಲೆಂಡರ್ ನೋಡುವುದಿಲ್ಲ. ಮೂಗು ತಾಗಿಸಿ ನೋಡುತ್ತೇನೆ. ಎಣ್ಣೆ ವಾಸನೆ ಇನ್ನೂ ಹೊಡೆಯುತ್ತಿದ್ದರೆ ಮುಗಿದಿಲ್ಲ ಅಂತ.

ಒರೆಸಿದ ಬಟ್ಟೆ ಏನು ಮಾಡಿದ್ರಿ ಅಂತ ಮಾತ್ರ ಇವತ್ತಿನವರೆಗೆ ಯಾರೂ ಕೇಳಿಲ್ಲ. ಕೇಳಬೇಕಾದ್ದು ಅದನ್ನ! ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಗಿಟಾರ್ ಮೇಲೆ ತೆಳ್ಳಗಿದ್ದಾಗ ಅದು ಗಾಳಿಗೆ ಹೋಗುತ್ತದೆ. ಬಟ್ಟೆ ಮುದ್ದೆ ಮಾಡಿ ಎಸೆದರೆ ಬಿಸಿಗೆ ದಾರಿ ಇಲ್ಲ, ಕಡ್ಡಿ ಗೀರದೇ ಹೊತ್ತಿಕೊಳ್ಳುತ್ತದೆ. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿದ್ದಿದ್ದು ಹೀಗೇ, 22ನೇ ಮಹಡಿಯಲ್ಲಿ ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ. ಬೆಂಕಿ ಆರಿಸಲು ಹೋದ ಮೂವರು ಸತ್ತರು. ನನ್ನ ಬಕೆಟ್ಟಿನಲ್ಲೂ ಒಂದು ಸಂಜೆ ಹಳೇ ಬನಿಯನ್ನಿನ ಮುದ್ದೆ ಕೈಗೆ ಸಿಕ್ಕಿತು. ಆಗಷ್ಟೇ ಬಸಿದ ಅನ್ನದಷ್ಟು ಬಿಸಿ. ನೀರಿಗೆ ಎಸೆದು, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

ಅವತ್ತಿನಿಂದ ಒರೆಸಿದ ಪ್ರತಿ ತುಂಡನ್ನೂ ಹೊರಗೆ ತಂತಿಯ ಮೇಲೆ ಬಿಡಿ ಬಿಡಿಯಾಗಿ ಹರವುತ್ತೇನೆ. ಪಕ್ಕದ ಮನೆ ಅಜ್ಜಿ ಕಾಂಪೌಂಡಿನಿಂದಲೇ ನೋಡಿ ಮರುಗುತ್ತಾರೆ: "ಏನಪ್ಪಾ, ಎಷ್ಟು ಒಗೆದ್ರೂ ಕೊಳೆ ಹೋಗ್ತಾನೇ ಇಲ್ವಲ್ಲ."