ಮೇಜಿನ ಮೇಲಿನ ಚಕ್ರವರ್ತಿ

ಫಿನ್ಲೆಂಡಿನ ಸೇನಾನಾಯಕ ಮ್ಯಾನರ್‌ಹೈಮ್ ಅವರ ಬದುಕು ಇಂದು ಬೆಳಿಗ್ಗೆಯಿಂದ ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ. 1867ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದ ಭಾಗವಾಗಿದ್ದ ಫಿನ್ಲೆಂಡಿನ ಸ್ವೀಡಿಷ್ ಮನೆಮಾತಿನ ಕುಟುಂಬದಲ್ಲಿ ಹುಟ್ಟಿ, ಕೆಡೆಟ್ ಶಾಲೆಯಿಂದ ಹೊರದಬ್ಬಿಸಿಕೊಂಡ ಆ ಹುಡುಗ, ರಷ್ಯಾ ಚಕ್ರವರ್ತಿಯ ಅಶ್ವದಳವನ್ನು ಸೇರಿ ಸುಮಾರು 30 ವರ್ಷಗಳ ಸೇವೆಯಲ್ಲಿ ಲೆಫ್ಟಿನೆಂಟ್ ಜನರಲ್ ಹುದ್ದೆಗೇರಿದರು. 1906ರಿಂದ ಎರಡು ವರ್ಷ ಮಧ್ಯ ಏಷ್ಯಾದಿಂದ ಬೀಜಿಂಗ್‌ವರೆಗೆ ಬಹುಪಾಲು ಕುದುರೆಯ ಮೇಲೆಯೇ ಸಾಗಿ ನಕ್ಷೆಗಳನ್ನು ಬರೆದರು. ಚೀನಾದ ವುತಾಯ್ ಪರ್ವತದಲ್ಲಿ 13ನೆಯ ದಲೈ ಲಾಮಾ ಅವರನ್ನು ಕಂಡಾಗ, ಕೊಡಲು ಬೇರೇನೂ ಇಲ್ಲವೆಂದು ತಮ್ಮ ಪಿಸ್ತೂಲನ್ನೇ ಕಾಣಿಕೆಯಾಗಿ ನೀಡಿ, ಗುಂಡು ತುಂಬುವ ಬಗೆಯನ್ನೂ ತೋರಿಸಿಕೊಟ್ಟರು. 1917ರಲ್ಲಿ ರಷ್ಯಾ ಸಾಮ್ರಾಜ್ಯವೇ ಕುಸಿಯಿತು. ಮುಂದೆ ಫಿನ್ಲೆಂಡಿನ ಸೇನಾಧಿಪತಿಯಾಗಿ ಸೋವಿಯತ್ ಸೇನೆಯನ್ನು ಎದುರಿಸಿದವರೂ ಇವರೇ. ಆದರೂ ಹೆಲ್ಸಿಂಕಿಯ ತಮ್ಮ ಮನೆಯಲ್ಲಿ, ಮೇಜಿನ ಮೇಲೆ, ರಷ್ಯಾದ ಕೊನೆಯ ಚಕ್ರವರ್ತಿ ಎರಡನೆಯ ನಿಕೋಲಸ್‌ನ ಭಾವಚಿತ್ರವನ್ನು ಅವರು ಕೊನೆಯವರೆಗೂ ಉಳಿಸಿಕೊಂಡಿದ್ದರು. ಆ ನಿಷ್ಠೆ ನನ್ನನ್ನು ಆಳವಾಗಿ ತಟ್ಟುತ್ತದೆ.